ಶಿಬಿರದ ಸಾಲಿನಲ್ಲಿ ಎಲೆ ಅಡಿಕೆ

ಕೂಲಿಗೆ ಕರೆಯುವ ರೀತಿ ನಮ್ಮ ಕಾನಹೊಸಹಳ್ಳಿ ಕಡೆ ಇನ್ನೂ ಹಳೆಯದೇ. ಹಿಂದಿನ ದಿನ ಹೊಲದವರು ಬಂದು ಎಲೆ, ಅಡಿಕೆ, ಚಿಟಿಕೆ ತಂಬಾಕು ಕೊಡುತ್ತಾರೆ. ಇಸಿದುಕೊಂಡರೆ ಮುಗಿಯಿತು, ಬೆಳಗಾದರೆ ಹೋಗಲೇಬೇಕು. ಎರ್ರಮ್ಮ ಚಿಕ್ಕಂದಿನಿಂದ ಹೀಗೆ ಇಸಿದುಕೊಂಡವಳು. ಈಗ ಅವಳ ಕೆನ್ನೆಯೊಳಗೆ ಮಾಯದ ಹುಣ್ಣು.

ಶಾಲೆಯಲ್ಲಿ ಉಚಿತ ಆರೋಗ್ಯ ಶಿಬಿರ. ಮುಂದೆ ನಿಂತು ನಡೆಸುತ್ತಿದ್ದವರು ಊರ ಸಾಹುಕಾರ ಪಾಲಾಕ್ಷಪ್ಪ. ಮರುದಿನ ಅವರ ಹೊಲದಲ್ಲಿ ಶೇಂಗಾ ಕೀಳಬೇಕಿತ್ತು. ಹೆಂಗಸರೆಲ್ಲ ಹೇಗೂ ಒಂದೇ ಕಡೆ ಸಿಕ್ಕರಲ್ಲ ಎಂದು ಶಿಬಿರದ ಸಾಲಿನಲ್ಲೇ ಎಲೆ ಹಂಚಿಬಿಟ್ಟಿದ್ದರು ಪುಣ್ಯಾತ್ಮರು!

ಡಾಕ್ಟರು ಎರ್ರಮ್ಮನ ಬಾಯಿಗೆ ಟಾರ್ಚ್ ಹಿಡಿದು ನೋಡಿದರು.

"ದೊಡ್ಡಾಸ್ಪತ್ರೆಗೆ ಹೋಗಬೇಕಮ್ಮ. ಆದ್ರೆ ನಮ್ಮ ಕೈಲಿರೋದು ಕೆಲವೇ ಹಾಸಿಗೆ. ಚಟ ಇಲ್ಲದವರಿಗೆ ಮೊದಲು. ತಂಬಾಕು ಬಿಟ್ಟು ಮುಂದಿನ ಶಿಬಿರಕ್ಕೆ ಬನ್ನಿ."

"ಅಲ್ಲೀತನ ಹುಣ್ಣು ಸುಮ್ನ ಕುಂದರತೈತೇನ್ರಿ?"

"ಖರೇ ಹೇಳ್ಯಾರ ಬಿಡು," ಎಂದರು ಪಾಲಾಕ್ಷಪ್ಪ. "ಆ ಕುಡುಕ ಓಬಳೇಶನ್ನೂ ವಾಪಸ್ ಕಳಿಸ್ಯಾರ. ಮೈ ಕೆಡಿಸ್ಕಂಡೋರು ನೀವಾ."

ಹೊಟ್ಟೆ ಊದಿದ ಓಬಳೇಶ, ಎರ್ರಮ್ಮನ ಪಕ್ಕದ ಮನೆಯವ, ಬಾಗಿಲಲ್ಲೇ ತಲೆ ತಗ್ಗಿಸಿ ಕೂತಿದ್ದ.

ಎರ್ರಮ್ಮ ಸಂಚಿ ಬಿಚ್ಚಿ ಎಲೆ, ಅಡಿಕೆ, ತಂಬಾಕು ಎಲ್ಲವನ್ನೂ ಮೇಜಿನ ಮೇಲಿಟ್ಟಳು.

"ತಗಳ್ರಿ ಸಾವ್ಕಾರ್ರ. ನಾಳಿಗೆ ನಾ ಬರಂಗಿಲ್ಲ."

"ನಾ ಕೊಟ್ರ, ತಿನ್ನು ಅಂತ ಹೇಳಿದ್ನೇನು?"

"ನಿಮ್ಮ ಮ್ಯಾಲೆ ಯಾಕ ಹಾಕ್ಲಿ? ನನ್ನ ಬಾಯಿ, ನಾನಾ ತಿಂದೀನಿ, ರುಚಿ ಹತ್ತಿತ್ತು. ಹಂಗಂತ ಇದು ಹುಣ್ಣಲ್ಲೇನು? ನಿಮ್ಮ ಅಳಿಯ ಬೈಕ್ ಹಾರಿಸ್ಕೆಂತ ಹೋಗಿ ಕಾಲು ಮುರಕಂಡಾಗ, ಮೆಲ್ಲಕ ಓಡ್ಸಾದು ಕಲ್ತು ಬಾ ಅಂದ್ರೇನು ಡಾಕ್ಟ್ರು?"

ಸಾಲು ಗೊಳ್ಳೆಂದಿತು. ಸಾಲಿನಲ್ಲಿದ್ದ ಗಾದೆಮ್ಮ ಮುಂದೆ ಬಂದಳು. "ನಂದೂ ತಗಳ್ರಿ." ಅವಳ ಹಿಂದೆ ಉಳಿದವರೂ ಬಂದರು. ಮೇಜಿನ ಮೇಲೆ ಎಲೆಯ ಗುಡ್ಡೆಯಾಯಿತು. ನಾಳೆ ಕೀಳದೆ ನೆಲದ ಹಸಿ ಆರಿದರೆ ಶೇಂಗಾಕಾಯಿ ಮಣ್ಣಲ್ಲೇ ಉಳಿಯುತ್ತದೆ. ಪಾಲಾಕ್ಷಪ್ಪನವರ ಮುಖ ಸಣ್ಣಗಾಯಿತು.

"ಡಾಕ್ಟ್ರ, ಈಯಮ್ಮನ ಹೆಸ್ರು ಮೊದ್ಲು ಬರಕಳ್ರಿ."

"ಓಬಳೇಶಂದೂ," ಎಂದಳು ಎರ್ರಮ್ಮ.

"ಅವ ಕುಡಿಯಾದು ಬಿಡಂಗಿಲ್ಲ ಬೇ!"

"ಬಿಡ್ಲಿಕ್ಕಿಲ್ಲ. ದಿನಾ ಬೈತೀನಿ. ಬೈಯಾಕರ ಅವ ಇರಬೇಕಲ್ರಿ?"

"ಇಬ್ಬರಿಗೂ ಹಾಸಿಗೆ ಎಲ್ಲಿಂದ ತರ್ಲಿ?" ಎಂದರು ಡಾಕ್ಟರು.

"ನಿಮ್ಮ ಮ್ಯಾಲಿನೋರಿಗೆ ಕೇಳ್ರಿ. ನಮ್ಮ ಗುಣ ನೋಡಿ ಹಾಸಿಗಿ ಹಂಚಬ್ಯಾಡ್ರಿ."

ಡಾಕ್ಟರು ಅವಳನ್ನೇ ನೋಡುತ್ತ ಫೋನ್ ಕೈಗೆತ್ತಿಕೊಂಡರು. ಅವರು ಇಬ್ಬರ ಹೆಸರನ್ನೂ ಮೇಲಿನವರಿಗೆ ಹೇಳಿದ್ದನ್ನು ಕೇಳಿಸಿಕೊಂಡ ಮೇಲೆಯೇ ಎರ್ರಮ್ಮ ತನ್ನ ಪಾಲಿನ ಎಲೆ ಎತ್ತಿ ಸಂಚಿಗೆ ಹಾಕಿದಳು; ನಾಳೆಯ ಕೂಲಿಗೆ ಒಪ್ಪಿದಂತಾಯಿತು. ತಂಬಾಕನ್ನೂ ಹಾಕಿದಳು.

"ಅದನ್ನಾದ್ರೂ ಬಿಡಮ್ಮ," ಎಂದರು ಡಾಕ್ಟರು.

"ನೋಡಾನ್ರಿ. ಅದು ಬ್ಯಾರೆ ಮಾತು."