ಖಾಲಿ ಮರಳದ ಡಬ್ಬಿ

ಬೂದಿ ಹಚ್ಚಿ ನನ್ನನ್ನು ತಿಕ್ಕುತ್ತಿದ್ದ ಹೆಂಗಸು ನನ್ನ ಒಡತಿಯಲ್ಲ. ಆ ಬೆಟ್ಟದ ನೀರೂ ನನಗೆ ಹೊಸದು, ಮೈಮೇಲೆ ಬಿದ್ದರೆ ಮುಚ್ಚಳವೂ ನಡುಗಬೇಕು. ಹಿಮಾಲಯದ ಕಮರಿಯೊಂದರ ಅಂಚಿಗೆ, ತಗಡಿನ ಖಾನಾವಳಿಯ ಹಿತ್ತಲಿಗೆ ನಾನು ಹೇಗೆ ಬಂದೆ? ಮೊದಲಿನಿಂದ ಹೇಳಿದರೇ ಸರಿ.

ನಾನು ಮೂರು ಅಂತಸ್ತಿನ ಸ್ಟೀಲಿನ ಬುತ್ತಿ ಡಬ್ಬಿ. ಕಾರ್ಖಾನೆಯಲ್ಲಿ ನನ್ನನ್ನು ಮಾಡಿದವರ ಮುಖ ನೆನಪಿಲ್ಲ. ಗದಗಿನ ಪಾತ್ರೆ ಅಂಗಡಿಯಲ್ಲಿ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಸಾವಂತ್ರಿ’ ಎಂದು ಹೆಸರು ಕೊರೆದದ್ದು ನೆನಪಿದೆ. ಅಂದಿನಿಂದ ನಾನು ಸಾವಂತ್ರಕ್ಕನವಳು.

ಅವಳ ಪಕ್ಕದ ಮನೆ ನೀಲಗಂಗಮ್ಮನದು. ನೀಲಗಂಗಮ್ಮನ ಗಂಡ ಆಸ್ಪತ್ರೆ ಸೇರಿದಾಗ ಸಾವಂತ್ರಕ್ಕ ಎರಡು ಹೊತ್ತೂ ನನ್ನಲ್ಲಿ ಊಟ ತುಂಬಿ ಕಳಿಸಿದಳು. ಒಂದು ಸಂಜೆ ಅವರು ತೀರಿಕೊಂಡರು. ಆ ಹೊತ್ತಿನ ಅನ್ನ ನನ್ನೊಳಗೇ ತಣ್ಣಗಾಯಿತು.

ನಮ್ಮ ಕಡೆ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. “ಸಾವಾದ ಮನ್ಯಾಗಿಂದ ಏನ್ ತುಂಬಿ ಕೊಡ್ಲಿ?” ಎಂದು ನೀಲಗಂಗಮ್ಮ ನನ್ನನ್ನು ಗೋಡೆಯ ಮಾಡದಲ್ಲಿ ಇಟ್ಟಳು. ಅಷ್ಟರಲ್ಲಿ ಸಾವಂತ್ರಕ್ಕನ ಗಂಡನಿಗೆ ವಿಜಯಪುರಕ್ಕೆ ವರ್ಗವಾಯಿತು. ಅಲ್ಲಿಂದ ಕಾಗದ ಬಂತು: ‘ಡಬ್ಬಿ ಇರ್ಲಿ ಬಿಡ. ನೀ ಹ್ಯಾಂಗದೀ, ಅದನಷ್ಟ ಬರಿ.’

ನೀಲಗಂಗಮ್ಮನಿಗೆ ಅದನ್ನೇ ಬರೆಯಲಾಗಲಿಲ್ಲ. ಚೆನ್ನಾಗಿದ್ದೇನೆಂದರೆ ಸುಳ್ಳು. ಇಲ್ಲವೆಂದರೆ ಅಷ್ಟು ದೂರದ ಜೀವಕ್ಕೆ ಸಂಕಟ. ತಡವಾದಷ್ಟೂ ನಾಚಿಕೆ ಬೆಳೆಯಿತು. “ಉಂಡು ಮರತ್ಲು ಅಂದಿರ್ತಾಳ,” ಎಂದು ನನ್ನ ಧೂಳು ಒರೆಸುವಾಗ ಗೊಣಗುತ್ತಿದ್ದಳು. ವರ್ಷಗಳು ಹೋದವು.

ಈ ಬೇಸಿಗೆಯಲ್ಲಿ ಅಣ್ಣನ ಮಗಳು ಕಸ್ತೂರಿ ಅವಳನ್ನು ಬೆಟ್ಟದ ಪ್ರವಾಸಕ್ಕೆ ಎಳೆದುಕೊಂಡು ಹೊರಟಳು. ಬುತ್ತಿ ಕಟ್ಟಿದ್ದೂ ಕಸ್ತೂರಿಯೇ, ಕೈಗೆ ಸಿಕ್ಕ ಡಬ್ಬಿಯಲ್ಲಿ.

“ಅಯ್ಯ, ಇದನ್ಯಾಕ ತಂದಿ? ಇದು ಸಾವಂತ್ರೀದು!”

ರೈಲು ಆಗಲೇ ಹೊರಟಿತ್ತು.

ಕಮರಿಯ ದಾರಿ ಒಬ್ಬರೇ ನಡೆಯುವಷ್ಟು ಸಣ್ಣದು. ಎರಡೂ ಕಡೆ ಬಂಡೆ, ಮೇಲೆ ಸೆರಗಿನ ಅಂಚಿನಷ್ಟು ಆಕಾಶ, ಎಲ್ಲೋ ಆಳದಲ್ಲಿ ಹೊಳೆ. ನಾನು ನೀಲಗಂಗಮ್ಮನ ಚೀಲದಲ್ಲಿ ಅವಳ ಸೊಂಟಕ್ಕೆ ಬಡಿಯುತ್ತಿದ್ದೆ.

“ಅತ್ತಿ, ಕೆಳಗ ನೋಡಬ್ಯಾಡ.”

“ಕೆಳಗ ನೋಡ್ದ ಕಾಲ ಎಲ್ಲಿಡ್ಲಿ, ನಿನ್ನ ತೆಲಿ ಮ್ಯಾಲ?”

ಇಬ್ಬರೂ ನಕ್ಕರು. ನೀಲಗಂಗಮ್ಮನ ನಗು ಹೇಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು.

ದಾರಿ ಮುಗಿದಲ್ಲಿ ಆ ಖಾನಾವಳಿ. “ಮಾಂಸ ಮಾಡಿದ ಪಾತ್ರಿ ಅಲ್ಲಲ್ಲ? ಕೇಳು ಆಕಿನ್ನ,” ಎಂದಳು ನೀಲಗಂಗಮ್ಮ. ಕಸ್ತೂರಿ ಹಿಂದಿಯಲ್ಲಿ ಕೇಳಿದಳು. ಖಾನಾವಳಿಯ ಒಡತಿ ‘ಶುದ್ಧ ಶಾಕಾಹಾರಿ’ ಎಂಬ ಹಲಗೆ ತೋರಿಸಿ, ಗಂಟಲು ಮುಟ್ಟಿ ಆಣೆ ಇಟ್ಟಳು. ಬಿಸಿ ಅನ್ನ, ರಾಜ್ಮಾ, ತುಪ್ಪ ಸವರಿದ ಜೋಳದ ರೊಟ್ಟಿ. ನಮ್ಮ ಬಿಳಿಜೋಳವಲ್ಲ, ಗೋವಿನಜೋಳ. ನೀಲಗಂಗಮ್ಮ ಎರಡು ಸಲ ಬಡಿಸಿಕೊಂಡಳು. ನನ್ನಲ್ಲಿ ಉಳಿದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಒಡತಿಯ ಮುಂದೆ ಇಟ್ಟಳು. ಆಕೆ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಅಷ್ಟನ್ನೂ ತಿಂದು, ನನ್ನನ್ನು ತೊಳೆಯಲು ಒಯ್ದಳು.

ಮರಳಿದಾಗ ನಾನು ಹಗುರವಾಗಿರಲಿಲ್ಲ. ಅಂತಸ್ತು ಅಂತಸ್ತಿಗೂ ಅಕ್ರೋಟು, ಒಣಗಿದ ಜರ್ದಾಳು ಹಣ್ಣು.

“ಬ್ಯಾಡವ್ವಾ, ಇದೇನು!” ಎಂದು ನೀಲಗಂಗಮ್ಮ ಕೈ ಅಡ್ಡ ಹಿಡಿದಳು. ಆಕೆ ತಲೆ ಅಲ್ಲಾಡಿಸಿ ಏನೋ ಹೇಳಿದಳು.

“ಖಾಲಿ ಕೊಡಂಗಿಲ್ಲಂತ, ಅತ್ತಿ. ಗಂಡ ಹೋದ ವರ್ಷ ಹಿಮದಾಗ ಹ್ವಾದನಂತ. ಇದು ಅವ ಹಚ್ಚಿದ ಗಿಡದ್ದಂತ.”

ನೀಲಗಂಗಮ್ಮ ಬಂಡೆಯ ಮೇಲೆ ಕೂತು ಮುಚ್ಚಳದ ಹೆಸರನ್ನು ಹೆಬ್ಬೆರಳಿನಿಂದ ಸವರಿದಳು. ಸಾವಾದ ಮನೆಯ ಕೈಯಿಂದಲೇ ನಾನು ತುಂಬಿ ಬಂದಿದ್ದೆ.

“ಕಸ್ತೂರಿ, ಇಲ್ಲಿ ಅಂಚೆ ಕಚೇರಿ ಎಲ್ಲಿ ಅದ, ಕೇಳು.”

ಕೆಳಗಿನ ಊರಿನ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಅವಳು ಬರೆದಳು: ‘ಸಾವಂತ್ರಿ, ಇವತ್ತ ಬೆಟ್ಟ ಹತ್ತಿ ಇಳದೆ. ನಕ್ಕೆ. ಹೊಟ್ಟಿ ತುಂಬ ಉಂಡೆ. ಚಂದ ಅದೀನಿ. ನಿನ್ನ ಡಬ್ಬಿ ತಗೋ.’

ಕಾಗದ ಮಡಿಸಿ ಮೇಲಿನ ಅಂತಸ್ತಿನಲ್ಲಿಟ್ಟಳು. ನನಗೆ ಬಿಳಿ ಬಟ್ಟೆ ಸುತ್ತಿ ಹೊಲಿದು, ಮೇಲೆ ವಿಜಯಪುರದ ವಿಳಾಸ ಬರೆದರು. ಮೈಯೆಲ್ಲ ಗೀರು, ಕೊಂಡಿಯೂ ಸಡಿಲಾಗಿರುವ ಮುದಿ ಡಬ್ಬಿ ನಾನು. ಆದರೂ ಒಳಗೆ ಒಂದು ಅಕ್ರೋಟೂ ಅಲುಗಾಡಲಿಲ್ಲ, ಅಷ್ಟು ತುಂಬಿದ್ದೆ. ಹೊರಗೆ ಠಪ್ಪೆಂದು ಠಸ್ಸೆ ಬಿತ್ತು.