ಒಂದು ನಿಮಿಷದ ಗಾಳಿ

2025ರ ಜುಲೈ 20, ಭಾನುವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಸಿ.ಎಸ್. ಪುರದ ತವರಿನ ತೆಂಗಿನ ತೋಟದಲ್ಲಿ ಹಗ್ಗದ ಮಂಚದ ಮೇಲೆ ಒರಗಿದ್ದ ಅನುಪಮಾಗೆ ಜೊಂಪು ಹತ್ತಿತ್ತು. ಆಷಾಢದ ಗಾಳಿಗೆ ಗರಿಗಳು ಒಂದೇ ಸಮನೆ ಮೊರೆಯುತ್ತಿದ್ದವು. ಅರೆನಿದ್ದೆಯಲ್ಲಿ ಆ ಮೊರೆತವೇ ಅಟ್ಲಾಂಟಿಕ್ ಸಾಗರವಾಯಿತು. ಮರಗಳು ಬೇರು ಬಿಡಿಸಿಕೊಂಡು ನೀರಿನ ಮೇಲೆ ಮೆಲ್ಲಗೆ ಸುತ್ತತೊಡಗಿದವು. ನಡುವೆ ಅವಳ ಮಂಚವೊಂದೇ ಅಲುಗದೆ ತೇಲುತ್ತಿತ್ತು.

ಕ್ಯಾತ್ಸಂದ್ರದ ಕಾಲೇಜಿನಲ್ಲಿ ಅವಳು ಭೌತಶಾಸ್ತ್ರ ಕಲಿಸುತ್ತಾಳೆ. ಮುಂದಿನ ಪಾಠ ಅಟ್ಲಾಂಟಿಕ್‌ನ ಚಂಡಮಾರುತಗಳಾದ ಹರಿಕೇನ್‌ಗಳದ್ದು. ಅದಕ್ಕೆಂದೇ ಕಾಲೇಜಿನ ಗಾಳಿಮಾಪಕವನ್ನು ಜೊತೆಗೆ ತಂದಿದ್ದಳು.

ಮೇ ತಿಂಗಳಲ್ಲಿ ಮದುವೆ. ಆಷಾಢ ಬಂತೆಂದು ತವರು. ಹೊರಡುವ ಹಿಂದಿನ ದಿನ ಅವಳು ಪೇಪರ್ ತಿದ್ದುತ್ತಾ ಕೂತಿದ್ದರಿಂದ ಕುಣಿಗಲ್‌ನಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ತಡವಾಗಿತ್ತು. ಗಂಡ ಸೋಮಶೇಖರ್ ರೇಗಿ, ಹೋದವಳು ಅಲ್ಲೇ ಇದ್ದುಬಿಡು ಎಂದಿದ್ದ. ಆಮೇಲೆ ದಿನವೂ ಫೋನ್ ಮಾಡಿ ಊಟ ಆಯಿತಾ, ಕೆಮ್ಮು ಕಡಿಮೆಯಾಯಿತಾ ಎಂದು ಕೇಳುತ್ತಿದ್ದ. ಆ ಮಾತಿನ ಸುದ್ದಿ ಮಾತ್ರ ಎತ್ತಿರಲಿಲ್ಲ. ಶುಕ್ರವಾರ ಶ್ರಾವಣ. ಹೋಗುವುದೋ ಬೇಡವೋ, ಅನುಪಮಾ ಇನ್ನೂ ತೀರ್ಮಾನಿಸಿರಲಿಲ್ಲ.

ಬೈಕಿನ ಸದ್ದಿಗೆ ಕಣ್ಣು ಬಿಟ್ಟರೆ ಬೇಲಿಯಾಚೆ ಅವನೇ ನಿಂತಿದ್ದ. ಅವಳ ತಾಯಿ ಸರ್ವಮಂಗಳಮ್ಮ ಹಿತ್ತಿಲಿನಿಂದಲೇ ತಡೆದರು.

"ಆಷಾಢ ಮುಗಿಯೋಗಂಟ ಅಳಿಯಂದ್ರು ಹೊಸ್ತಿಲು ದಾಟಂಗಿಲ್ಲ ಕಣಪ್ಪ."

"ತೋಟಕ್ಕೆ ಹೊಸ್ತಿಲೆಲ್ಲೈತೆ ಅತ್ತೆ?"

ಅವರು ನಗು ನುಂಗಿಕೊಂಡು, ಕಾಫಿಯನ್ನು ಅಲ್ಲಿಗೇ ತಂದಿಟ್ಟು ಒಳಗೆ ಹೋದರು.

ಸೋಮಶೇಖರ್ ಮಂಚದ ತುದಿಯಲ್ಲಿ ಕೂತು, ಲೋಟ ಬರಿದು ಮಾಡಿದ. ಆಮೇಲೆ ಕೇಳಿದ: "ಶುಕ್ರವಾರ ಬರ್ತೀಯಾ?"

ಅವಳು ಗಾಳಿಮಾಪಕವನ್ನು ಅವನ ಕೈಗಿಟ್ಟಳು. ಮೂರು ಬಟ್ಟಲುಗಳು ತಿರುಗಿದವು. ಅಷ್ಟರಲ್ಲಿ ಗಾಳಿ ಒಮ್ಮೆಲೇ ನುಗ್ಗಿತು, ತರಗೆಲೆಗಳು ಎದ್ದವು.

"ಮೂವತ್ತೊಂದು ಕಣೇ. ಇದು ಎಷ್ಟನೇ ದರ್ಜೆ?"

"ಯಾವ ದರ್ಜೆನೂ ಅಲ್ಲ. ಅದು ಒಂದು ಹೊಡೆತ ಅಷ್ಟೆ. ಒಂದು ಹೊಡೆತ ನೋಡಿ ಹರಿಕೇನ್‌ಗೆ ದರ್ಜೆ ಕೊಡಲ್ಲ. ಒಂದು ನಿಮಿಷ ಪೂರ್ತಿ ಬೀಸಿದ್ದರ ಸರಾಸರಿ ತಗೋತಾರೆ. ಅದು ಗಂಟೆಗೆ ನೂರಹತ್ತೊಂಬತ್ತು ಕಿಲೋಮೀಟರ್ ಮುಟ್ಟಿದ್ರೆ ಒಂದನೇ ದರ್ಜೆ, ಇನ್ನೂರೈವತ್ತೆರಡಾದ್ರೆ ಐದನೇದು."

ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ಮಾತು. ಇವತ್ತು ಅದು ತೋಟವನ್ನೆಲ್ಲ ಒಂದು ಸುತ್ತು ಹಾಕಿಕೊಂಡು ಅವಳ ಕಿವಿಗೇ ವಾಪಸು ಬಂತು.

"ಅವತ್ತು ನಾನು ಹಂಗನ್ಬಾರ್ದಿತ್ತು, ಅನು," ಎಂದ ಅವನು, ಬಟ್ಟಲುಗಳನ್ನೇ ನೋಡುತ್ತಾ.

"ಕೈ ಅಲ್ಲಾಡಿಸ್ಬೇಡಿ. ಈಗ ಒಂದು ನಿಮಿಷ ಹಿಡ್ಕೊಳ್ಳಿ."

ಅವನು ಉಸಿರು ಬಿಗಿಹಿಡಿದು ಕೂತ. ಗಾಳಿ ಅವಳ ಸೆರಗನ್ನು ಅವನ ಮೊಣಕಾಲಿನ ಮೇಲೆ ತಂದು ಹಾಕಿತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ. ತೋಟ ಮತ್ತೆ ಮೆಲ್ಲಗೆ ತಿರುಗತೊಡಗಿತು. ಈ ಸಲ ಮಂಚದ ಮೇಲೆ ಇಬ್ಬರಿದ್ದರು.

"ಶುಕ್ರವಾರ ಬೆಳಿಗ್ಗೆನೇ ಬನ್ನಿ," ಎಂದಳು. "ನಂಗೆ ಫಸ್ಟ್ ಪೀರಿಯಡ್ ಇದೆ."

ಆಮೇಲೆ ಬಾಗಿ ಅಂಕಿ ಓದಿದಳು. ಒಂದು ನಿಮಿಷದ ಸರಾಸರಿ, ಗಂಟೆಗೆ ಹದಿನಾಲ್ಕು ಕಿಲೋಮೀಟರ್.