ವಟ್ಟವಿಲ್ಲದ ದಾನ

ಚಳಿಗಾಲ ಮುಗಿಯುವ ಅದಾರ್ ತಿಂಗಳು ಬಂತೆಂದರೆ ನನ್ನ ಗಂಡ ಹಿಲ್ಕೀಯನ ನಡಿಗೆಯೇ ಬದಲಾಗುತ್ತಿತ್ತು. ವರ್ಷವಿಡೀ ಮಣ್ಣು ತುಳಿದು, ತಿಗರಿ ತಿರುಗಿಸಿ, ಬೆನ್ನು ಬಗ್ಗಿಸಿಕೊಂಡಿರುವ ಕುಂಬಾರ ಆ ತಿಂಗಳು ಮಾತ್ರ ಎದೆ ಸೆಟೆಸಿ ನಡೆಯುತ್ತಿದ್ದ. ಯೆರೂಸಲೇಮಿನ ದೇವಾಲಯದ ಕಾಣಿಕೆ ಎತ್ತಲು ಚಿನಿವಾರ ತೋಬೀಯ ನಮ್ಮೂರಿಗೆ ಬಂದು, ಬಾವಿಕಟ್ಟೆಯ ಹತ್ತಿರ ಕೆಲವು ದಿನ ಮೇಜು ಹಾಕುವುದು ಆಗಲೇ. ಗಂಡಸೆನ್ನಿಸಿಕೊಂಡವರೆಲ್ಲ ತಲೆಗೆ ಅರ್ಧ ಶೆಕೆಲ್ ಇಡಬೇಕು. ದ್ರಾಕ್ಷಿತೋಟದ ಧಣಿ ಹೆಚ್ಚು ಕೊಡುವಂತಿಲ್ಲ, ಕೂಲಿಯವನು ಕಡಿಮೆ ಕೊಡುವಂತಿಲ್ಲ. ಅದೂ ತೂರ್ ಪಟ್ಟಣದ ಬೆಳ್ಳಿಯೇ ಆಗಬೇಕು. ಆ ನಾಣ್ಯದ ಒಂದು ಮಗ್ಗುಲಲ್ಲಿ ತೂರಿನವರ ದೇವರ ಮೋರೆ, ಇನ್ನೊಂದರಲ್ಲಿ ಹದ್ದು. ಮಕ್ಕಳು ಮಣ್ಣಿನಲ್ಲಿ ಕುದುರೆ ಮಾಡಿದರೂ ವಿಗ್ರಹ ಎಂದು ಬೈಯುವ ಹಿಲ್ಕೀಯ, ಆ ಮೋರೆಯನ್ನು ಮಾತ್ರ ಅಂಗಿಯ ಅಂಚಿನಲ್ಲಿ ಉಜ್ಜಿ ಉಜ್ಜಿ ಹೊಳೆಯಿಸುತ್ತಿದ್ದ. "ಬೆಳ್ಳಿ ಚೊಕ್ಕ ಇದ್ರೆ ದೇವಾಲಯದವರೂ ಮೋರೆ ನೋಡಲ್ಲ, ಅಲ್ವಾ?" ಎಂದು ನಾನು ಕೆಣಕಿದರೆ ಅವನಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು.

ಅವನ ಜಂಬ ತನ್ನ ಅರ್ಧ ಶೆಕೆಲಿನದಲ್ಲ, ಶಿಮ್ಮಿಯ ಅರ್ಧ ಶೆಕೆಲಿನದು. ಶಿಮ್ಮಿ ನಮ್ಮ ಬೀದಿಯ ಕೊನೆಯ ಮನೆಯವನು, ಬುಟ್ಟಿ ಹೆಣೆದು ಬದುಕುವವನು. ಒಂದು ಕಾಲು ಸೊಟ್ಟ. ಹೆಂಡತಿ ತೀರಿಕೊಂಡ ವರ್ಷ ಅವನ ಕೈಯಲ್ಲಿ ಏನೂ ಇರಲಿಲ್ಲವೆಂದು ಹಿಲ್ಕೀಯ ಅವನ ಪಾಲನ್ನೂ ಸೇರಿಸಿ ಒಂದು ಇಡೀ ಶೆಕೆಲ್ ಮೇಜಿನ ಮೇಲಿಟ್ಟ. ಹೀಗೆ ಇಬ್ಬರ ಪಾಲು ಒಂದೇ ನಾಣ್ಯದಲ್ಲಿ ಬಂದರೆ ಚಿನಿವಾರ ಕೇಳಲೇಬೇಕು: ದಾನವೋ, ಸಾಲವೋ? ಸಾಲವಾಗಿ ಕಟ್ಟಿದ್ದಾದರೆ ಮೇಲೆ ವಟ್ಟವೆಂದು ಒಂದಿಷ್ಟು ತಾಮ್ರ ಇಡಬೇಕು. ಬಡವನಿಗಾಗಿ ದಾನವಾಗಿ ಕಟ್ಟಿದ್ದಾದರೆ ವಟ್ಟವಿಲ್ಲ. ಕಟ್ಟಳೆ ಅದು.

ಆ ಮೊದಲ ವರ್ಷ ಹಿಲ್ಕೀಯ "ದಾನ" ಎಂದು ಮೆಲ್ಲಗೇ ಅಂದಿದ್ದ, ಪಾಪ. ಆದರೂ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು, ಸಭಾಮಂದಿರದ ಹಿರಿಯರು ತಲೆದೂಗಿದರು. ಮರುವರ್ಷ ಸ್ವಲ್ಪ ಜೋರಾಗಿ ಅಂದ. ಅದರ ಮರುವರ್ಷ ತೋಬೀಯ ಬಾಯಿ ತೆರೆಯುವ ಮೊದಲೇ ಅಂದ. ಈಚೀಚೆಗಂತೂ "ದಾನ!" ಎಂಬ ಅವನ ಕೂಗು ಬಾವಿಯೊಳಗೆ ಹೊಕ್ಕು ತಿರುಗಿ ಬರುತ್ತಿತ್ತು. ಆ ಹೊತ್ತಿನಲ್ಲಿ ಶಿಮ್ಮಿ ಪಕ್ಕದಲ್ಲಿ ಕೋಲೂರಿಕೊಂಡು ನೆಲ ನೋಡುತ್ತಾ ನಿಂತಿರುತ್ತಿದ್ದ. ನಾವು ಅದನ್ನು ವಿನಯ ಅಂದುಕೊಂಡಿದ್ದೆವು.

ಕಾಣಿಕೆ ಮುಗಿದ ವಾರದೊಳಗೆ ಅವನು ನಮ್ಮ ಬಾಗಿಲಿಗೆ ಒಂದು ಹೊಸ ಬುಟ್ಟಿ ತಂದಿಡುತ್ತಿದ್ದ. "ಯಾಕಪ್ಪಾ ಸುಮ್ನೆ ತೊಂದ್ರೆ" ಎನ್ನುತ್ತಲೇ ನಾನು ಅದನ್ನು ಒಳಗೊಯ್ದು ಗೋಡೆಯ ಗೂಟಕ್ಕೆ ಸಿಕ್ಕಿಸುತ್ತಿದ್ದೆ. ಒಂದು ವರ್ಷ ತರುವುದು ತಡವಾದಾಗ, ಮರೆತನೇನೋ ಎಂದು ಗೊಣಗಿದವಳೂ ನಾನೇ.

ಈ ಚಳಿಗಾಲ ಮಡಕೆ ಸುಡುವ ನಮ್ಮ ಆವಿಗೆ ಕೈಕೊಟ್ಟಿತು. ಸೌದೆ ಇನ್ನೂ ಹಸಿ, ನಾಲ್ಕು ದಿನ ತಡೆಯಿರಿ ಎಂದು ಬಡಕೊಂಡೆ. ತಿಬೇರಿಯದ ಸಂತೆ ತಪ್ಪಿಹೋಗುತ್ತದೆಂದು ಅವನು ಉರಿ ಹಾಕಿಯೇ ಹಾಕಿದ. ಮಡಕೆಗಳು ಒಳಗೇ ಸಿಡಿದು, ಆವಿಗೆಯ ಗೋಡೆಯೂ ಕುಸಿಯಿತು. ನನ್ನ ಬೆಳ್ಳಿ ಬಳೆ ಜವೆಗೋಧಿಗೂ ಸೌದೆಗೂ ಕರಗಿಹೋಯಿತು. ತೋಬೀಯ ಬರುವ ಹೊತ್ತಿಗೆ ಮನೆಯಲ್ಲಿ ತೂರಿನ ಬೆಳ್ಳಿ ಹೋಗಲಿ, ಹೆಸರಿಗೆ ಒಂದು ತಾಮ್ರದ ಕಾಸೂ ಇರಲಿಲ್ಲ.

ಮೇಜು ಹಾಕುವ ದಿನ ಬೆಳಿಗ್ಗೆ ನೋಡಿದರೆ ಹಿಲ್ಕೀಯ ಕತ್ತೆಯ ಬೆನ್ನಿಗೆ ಹೇರು ಬಿಗಿಯುತ್ತಿದ್ದಾನೆ.

"ಎಲ್ಲಿಗೆ ಹೊರಟ್ರಿ?"

"ತಿಬೇರಿಯಕ್ಕೆ. ಮಡಕೆ ಮಾರೋಕೆ."

"ಯಾವ ಮಡಕೆ? ಆ ಚೂರುಗಳನ್ನಾ?"

"ಸುಮ್ನಿರು ಯೆದೀದಾ. ತೋಬೀಯ ಕೇಳಿದ್ರೆ ಊರಲ್ಲಿಲ್ಲ ಅನ್ನು."

"ಊರಲ್ಲಿಲ್ಲ ಅಂದ್ರೆ ಬಿಟ್ಬಿಡ್ತಾರಾ? ಮೇಜು ಎದ್ದಮೇಲೆ ಆಳು ಬರ್ತಾನೆ, ನಿಮ್ಮ ಮೇಲಂಗೀನ ಒತ್ತೆಗೆ ಎತ್ಕೊಂಡು ಹೋಗ್ತಾನೆ. ಆಮೇಲೆ ಏನ್ ಹೊದ್ಕೋತೀರಿ, ಗೋಣಿತಾಟಾ?"

"ಎತ್ಕೊಂಡು ಹೋಗ್ಲಿ. ನನ್ನ ಕಣ್ಣೆದುರಿಗೆ ಆಗ್ದಿದ್ರೆ ಸಾಕು."

"ಮತ್ತೆ ಶಿಮ್ಮಿ? ನೀವು ಬರ್ತೀರಿ ಅಂತ ಬಾವಿಕಟ್ಟೇಲಿ ಕಾಯ್ಕೊಂಡು ಕೂತಿರ್ತಾನಲ್ಲ, ಅವನ ಮಾನ ಹೋಗ್ಲಾ?"

ಹಗ್ಗ ಹಿಡಿದ ಕೈ ಹಾಗೇ ನಿಂತಿತು. ಅವನು ಹೇರು ಬಿಚ್ಚಿದ. ಶಿಮ್ಮಿಯನ್ನು ಪಕ್ಕಕ್ಕೆ ಕರೆದು ಈ ವರ್ಷ ಆಗುವುದಿಲ್ಲವೆಂದು ಹೇಳಿಬಿಡುತ್ತೇನೆ ಎಂದು ಹೊರಟ. ಶಿಮ್ಮಿಯ ಮನೆ ಬಾಗಿಲು ಹಾಕಿತ್ತು. ಅಷ್ಟು ಬೇಗ ಬಾವಿಕಟ್ಟೆಗೆ ಹೋಗಿಯಾಗಿತ್ತು ಅವನು. ನಾನೂ ನೀರಿನ ನೆಪ ಮಾಡಿ ಕೊಡ ಎತ್ತಿಕೊಂಡು ಗಂಡನ ಹಿಂದೆ ನಡೆದೆ. ಮನೆಯಲ್ಲಿ ಕೂತಿದ್ದರೆ ಜೀವ ಹೋಗುತ್ತಿತ್ತು.

ಅಲ್ಲಿ ಜನವೋ ಜನ. ಶಿಮ್ಮಿ ಆಚೆ ಬದಿಯ ಕಲ್ಲಿನ ಮೇಲೆ ಕೂತಿದ್ದ. ಹಿಲ್ಕೀಯ ಸಂದಿಯಲ್ಲಿ ತೂರಿ ಅವನ ಕಡೆ ಹೋಗುವಷ್ಟರಲ್ಲಿ ತೋಬೀಯನ ಕಣ್ಣಿಗೆ ಬಿದ್ದುಬಿಟ್ಟ.

"ಬಂದ್ರಪ್ಪ, ಬಂದ್ರು ದಾನಶೂರರು! ದಾರಿ ಬಿಡ್ರೋ! ಎಂದಿನ ಹಾಗೇ ತಾನೇ ಹಿಲ್ಕೀಯಪ್ಪ? ಎರಡು ತಲೆ, ಒಂದು ನಾಣ್ಯ, ವಟ್ಟ ಇಲ್ಲ. ಕೂಗಿ ಮತ್ತೆ, ಎಲ್ರೂ ಕಿವಿ ಬಿಟ್ಕೊಂಡು ಕಾಯ್ತಿದಾರೆ."

ಜನ ನಕ್ಕರು, ದಾರಿ ಬಿಟ್ಟರು. ಹಿಲ್ಕೀಯ ಮೇಜಿನ ಮುಂದೆ ಹೋಗಿ ನಿಂತ. ಇಲ್ಲವೆಂದು ಗೊತ್ತಿದ್ದೂ ಸೊಂಟದ ಪಟ್ಟಿಯೊಳಗೆ ಕೈ ಹಾಕಿದ. ಹಾಕಿದ ಕೈ ಹೊರಗೆ ಬರಲಿಲ್ಲ.

"ಏನ್ ಹುಡುಕ್ತಿದೀಯೋ? ಹದ್ದು ಹಾರ್ಹೋಯ್ತಾ?" ಎಂದ ಹಿಂದೆ ನಿಂತಿದ್ದ ಎಣ್ಣೆಗಾಣದ ಹಗ್ಗಾಯ.

ಮತ್ತೆ ನಗು. ನನ್ನ ಗಂಡನ ಕತ್ತು ಕೆಂಪಾಗಿದ್ದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನನ್ನು ಊರಲ್ಲೇ ಉಳಿಸಿಕೊಂಡ ನನ್ನ ನಾಲಿಗೆಯನ್ನು ಶಪಿಸಿಕೊಂಡೆ.

ಅಷ್ಟರಲ್ಲಿ ಕೋಲಿನ ಸದ್ದು. ಶಿಮ್ಮಿ ಕುಂಟುತ್ತಾ ಬಂದು ಬಟ್ಟೆಯ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ನಾಣ್ಯ ಇಟ್ಟ. ಇಡೀ ಶೆಕೆಲ್. ತೂರಿನದೇ.

"ಇಬ್ಬರದ್ದು ಸ್ವಾಮಿ. ನಂದು, ಹಿಲ್ಕೀಯಣ್ಣಂದು."

ತೋಬೀಯ ಅವನ ಮುಖ ನೋಡಿದ, ನಾಣ್ಯ ನೋಡಿದ. ಕಲ್ಲಿನ ಮೇಲೆ ಬಡಿದು ಸದ್ದು ಕೇಳಿದ, ತಕ್ಕಡಿಗಿಟ್ಟ. ತೂಕ ಸರಿಯಾಗಿತ್ತು. ಇನ್ನು ಕಟ್ಟಳೆ ಬಿಡುವುದಿಲ್ಲವಲ್ಲ, ಕೇಳಲೇಬೇಕು.

"ದಾನವೋ, ಸಾಲವೋ?"

ದಾನ ಎಂದರೆ ಮುಗಿಯಿತು, ಹಿಲ್ಕೀಯ ಎಲ್ಲರೆದುರಿಗೆ ಬೇಡುವ ಬಡವ. ಹಾಗೆ ಅನ್ನುವ ಹಕ್ಕು ಶಿಮ್ಮಿಗಿತ್ತು. ಇಷ್ಟು ವರ್ಷ ಕೇಳಿಸಿಕೊಂಡದ್ದನ್ನು ಒಂದು ಸಲ ಬಾಯಿಬಿಟ್ಟು ಹಿಂದಿರುಗಿಸಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವನು ಈ ಸಲ ನೆಲ ನೋಡಲಿಲ್ಲ, ನನ್ನ ಗಂಡನ ಮುಖ ನೋಡಿದ.

"ಸಾಲ" ಎಂದ.

"ಸಾಲ ಅಂದ್ರೆ ಮೇಲೆ ವಟ್ಟ ಇಡ್ಬೇಕು ಕಣೋ. ದಾನ ಅಂದ್ಬಿಡು, ಅಷ್ಟಾದ್ರೂ ಉಳಿಯುತ್ತೆ."

"ಗೊತ್ತು ಸ್ವಾಮಿ" ಎಂದು ಬಟ್ಟೆಯ ಇನ್ನೊಂದು ತುದಿಯ ಗಂಟು ಬಿಚ್ಚಿದ. ತಾಮ್ರ ಅಲ್ಲಿ ತಯಾರಾಗಿತ್ತು. ನಮ್ಮ ಆವಿಗೆಯಲ್ಲಿ ಹೊಗೆ ಏಳದ್ದನ್ನು ದಿನವೂ ನೋಡುತ್ತಿದ್ದವನು, ಬುಟ್ಟಿ ಮಾರಿದ ಕಾಸು ಕೂಡಿಟ್ಟು, ಮನೆಯಲ್ಲೇ ತೀರ್ಮಾನಿಸಿ ಬಂದಿದ್ದ.

ಹಗ್ಗಾಯನ ಬಾಯಿ ಸುಮ್ಮನಿರಬೇಕಲ್ಲ. "ಅಲ್ವೋ ಶಿಮ್ಮಿ, ಇಷ್ಟು ವರ್ಷ ಅವನು ದಾನ ಕೊಟ್ಟ. ನೀನು ಒಂದೇ ಒಂದು ಸಲ ಕೊಡೋದಕ್ಕೆ ಸಾಲ ಅಂತೀಯಲ್ಲೋ, ಎಂಥಾ ಜಿಪುಣನಯ್ಯಾ!"

"ಬಡವ ಅಲ್ವೇನಣ್ಣ, ಏನ್ಮಾಡೋದು" ಎಂದು ಶಿಮ್ಮಿ ನಕ್ಕುಬಿಟ್ಟ. ಜನರೂ ನಕ್ಕರು. ಹಿಲ್ಕೀಯ ಅಲ್ಲೇ ನಿಂತಿದ್ದ, ಒಂದು ಮಾತಾಡಲಿಲ್ಲ. ನಾನೂ ಕೊಡ ತುಂಬಿಸಿಕೊಂಡು ಮನೆಗೆ ಬಂದೆ.

ಮಧ್ಯಾಹ್ನವೆಲ್ಲ ಅವನು ಕುಸಿದ ಆವಿಗೆಯ ಮುಂದೆ ಕೂತಿದ್ದ. ಬೇಳೆಗಂಜಿ ಆರಿ ಕೆನೆಗಟ್ಟಿತು.

"ಅವನ್ನ ಜಿಪುಣ ಅಂದ್ರಲ್ಲೇ. ಆಗ ನನ್ನ ಬಾಯಿ ಎಲ್ಲಿ ಹೋಗಿತ್ತು? ಬಾವಿಗೆ ಕೇಳೋ ಹಾಗೆ ಕೂಗ್ತಿದ್ದ ಬಾಯಿ."

ಅವನು ಎದ್ದು ಒಳಗೆ ಹೋಗಿ, ಉಳಿದವುಗಳಲ್ಲಿ ಒಂದೇ ಒಂದು ಗಟ್ಟಿ ಮಡಕೆ ಹುಡುಕಿ ತಂದ. ಮುಚ್ಚಳವಿದ್ದ ದೊಡ್ಡ ಅಡುಗೆ ಮಡಕೆ.

"ಇದನ್ನ ಶಿಮ್ಮಿಗೆ ಕೊಟ್ಟು ಬಾ."

"ನೀವೇ ಹೋಗಿ."

"ಕಾಲು ಬರಲ್ಲ ಯೆದೀದಾ."

ಗೂಟದಿಂದ ಕೈಗೆ ಸಿಕ್ಕ ಒಂದು ಬುಟ್ಟಿ ಇಳಿಸಿ, ಮಡಕೆಯನ್ನು ಅದರಲ್ಲಿಟ್ಟು, ಬಟ್ಟೆ ಮುಚ್ಚಿಕೊಂಡು ಹೋದೆ. ಯಾವ ಬುಟ್ಟಿ ಎಂದು ಯೋಚಿಸಲಿಲ್ಲ.

ಶಿಮ್ಮಿ ಹೊಸ್ತಿಲ ಮೇಲೆ ಕೂತು ಜೊಂಡು ಸೀಳುತ್ತಿದ್ದ. "ಬನ್ನಿ ಅತ್ತಿಗೆ" ಎಂದು ಜಾಗ ಮಾಡಿಕೊಟ್ಟ. ಮಡಕೆ ಕೊಟ್ಟೆ. ಬೆರಳಗೆಣ್ಣಿನಿಂದ ಬಡಿದು, ಸದ್ದು ಕೇಳಿ ಖುಷಿಪಟ್ಟ.

"ಕೈ ಅಂದ್ರೆ ಅಣ್ಣನ ಕೈ. ಆದ್ರೆ ಬೇಡ ಅತ್ತಿಗೆ, ತಗೊಂಡು ಹೋಗಿ."

"ಯಾಕಪ್ಪಾ? ನಮ್ಮ ಮನೇದು ಮುಟ್ಟಬಾರದಾ?"

"ಹಾಗಲ್ಲ. ಸಾಲ ಅಂತ ಕೊಟ್ಟಿದೀನಲ್ಲ. ಅದು ತೀರೋವರೆಗೂ ನಿಮ್ಮನೆಯಿಂದ ಒಂದು ತುಂಡು ರೊಟ್ಟಿ ಹೆಚ್ಚಿಗೆ ತಗೊಂಡ್ರೂ ಬಡ್ಡಿ ಆಗುತ್ತೆ. ಮೋಶೆಯ ಕಟ್ಟಳೇಲಿ ಅದು ಬೇಡ ಅಂದಿದೆ. ಸುಗ್ಗಿ ಆದ್ಮೇಲೆ ಅರ್ಧ ಶೆಕೆಲ್ ಕೊಡ್ಲಿ, ಸಾಕು."

ಅವನ ದನಿಯಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ. ಮಡಕೆಯನ್ನು ಬುಟ್ಟಿಗಿಡಲು ಹೋದಾಗ ಅವನು ಬುಟ್ಟಿಯ ಹಿಡಿ ಮುಟ್ಟಿ ಅಲುಗಿಸಿದ.

"ಇದು ಮೊದಲನೇ ವರ್ಷದ್ದು. ಹಿಡಿ ಸಡಿಲ ಆಗಿದೆ ನೋಡಿ. ಬುಟ್ಟಿ ಇಲ್ಲೇ ಬಿಟ್ಟು ಹೋಗಿ, ಬಿಗಿ ಮಾಡಿ ಕೊಡ್ತೀನಿ."

"ಬೇಡ ಶಿಮ್ಮಿ."

"ದಾರೀಲಿ ಕಿತ್ಕೊಂಡ್ರೆ ಅಣ್ಣನ ಮಡಕೆ ಒಡೆದುಹೋಗುತ್ತೆ."

ಮಡಕೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬೀದಿಗಿಳಿದೆ. ಸಾಲಕ್ಕೆ ಪ್ರತಿಯಾಗಿ ಒಂದು ಮಡಕೆ ತೆಗೆದುಕೊಳ್ಳಲು ಅವನ ಕೈ ಬರುವುದಿಲ್ಲ. ದಾನಕ್ಕೆ ಪ್ರತಿಯಾಗಿ ವರ್ಷವರ್ಷವೂ ಬುಟ್ಟಿ ತೆಗೆದುಕೊಂಡ ನಾವು ಯಾರು? ಪ್ರತಿ ಕೂಗಿಗೂ ಒಂದು ಬುಟ್ಟಿ ನಮ್ಮ ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿತ್ತು. ಪಡೆದದ್ದನ್ನು ಅವನು ದುಡಿದು ತೀರಿಸಿದ್ದ. ನಾವು ದಾನ ಎಂದು ಕೂಗಿ, ದೇವಾಲಯಕ್ಕೆ ಸಲ್ಲಬೇಕಾದ ವಟ್ಟದ ತಾಮ್ರವನ್ನೂ ಉಳಿಸಿಕೊಂಡಿದ್ದೆವು. ಹಗ್ಗಾಯನ ಹೆಂಡತಿ ಬಾಗಿಲಲ್ಲಿ ನಿಂತು "ಮಾರೋಕೆ ಹೊರಟ್ಯಾ?" ಎಂದಾಗ ತಲೆ ಎತ್ತಲು ಆಗಲಿಲ್ಲ.

ನನ್ನ ಕೈಯಲ್ಲಿ ಮಡಕೆ ನೋಡಿ ಹಿಲ್ಕೀಯ, "ಬುಟ್ಟಿ ಎಲ್ಲಿ?" ಎಂದಷ್ಟೇ ಕೇಳಿದ. ಎಲ್ಲ ಹೇಳಿದೆ. ಅವನು ಗೋಡೆಯ ಮುಂದೆ ಹೋಗಿ ನಿಂತು, ಉಳಿದ ಬುಟ್ಟಿಗಳನ್ನು ಒಂದೊಂದಾಗಿ ಇಳಿಸಿ ನೆಲದ ಮೇಲಿಟ್ಟ. ಆಮೇಲೆ ಮೇಲಂಗಿ ಬಿಚ್ಚಿ ಮಡಿಸಿ ಅವುಗಳ ಮೇಲಿಟ್ಟ.

"ನಾಳೆ ತೋಬೀಯನ ಮೇಜಿಗೆ ಹೋಗ್ತೀನಿ. ಇಷ್ಟೂ ವರ್ಷದ ವಟ್ಟ ಬಾಕಿ ಇದೆ. ಕಾಸಿಲ್ಲ, ಇದನ್ನ ಒತ್ತೆ ಇಡ್ತೀನಿ."

"ಯಾವ ವಟ್ಟ, ಯಾಕೆ ಅಂತ ಕೇಳ್ತಾನೆ. ಜನ ಇರ್ತಾರೆ."

"ದಾನ ಅಲ್ಲ, ನಾನು ಕೊಟ್ಟಿದ್ದು ಯಾವತ್ತೂ ದಾನ ಅಲ್ಲ ಅಂತೀನಿ. ಬುಟ್ಟಿ ತೋರಿಸ್ತೀನಿ."

"ಎಲ್ರಿಗೂ ಕೇಳೋ ಹಾಗೆ ಹೇಳ್ತೀರಾ?"

"ಹೇಳ್ತೀನಿ" ಎಂದ. ಪಕ್ಕದಲ್ಲೇ ನಿಂತಿದ್ದ ನನಗೂ ಆ ದನಿ ಸರಿಯಾಗಿ ಕೇಳಲಿಲ್ಲ.